ಮುಸುವದ ಮರಿಗೆ ಎಷ್ಟು ಜನ ಚಿಕ್ಕಮ್ಮಂದಿರು?

ಹೋದ ತಿಂಗಳು ಒಂದು ಬೆಳಗ್ಗೆ ನಮ್ಮ ಮನೆಗೆ ಹೇಳದೆ ಕೇಳದೆ ಒಂದಿಡೀ ಕುಟುಂಬ ಊಟಕ್ಕೆ ಬಂತು. ಅಜ್ಜಿ, ಅಮ್ಮಂದಿರು, ಚಿಕ್ಕಮ್ಮಂದಿರು, ಹುಡುಗರು, ಕೈಗೂಸು ಎಲ್ಲ ಸೇರಿ. ಬೆಲ್ ಒತ್ತಲಿಲ್ಲ. ಚಪ್ಪಲಿ ಬಿಡುವ ಪ್ರಶ್ನೆಯೇ ಇರಲಿಲ್ಲ. ನೇರವಾಗಿ ಟೆರೇಸಿಗೆ ಇಳಿದು, ಹಳೇ ಪಂಚೆಯ ಮೇಲೆ ನಾನು ಒಣಹಾಕಿದ್ದ ಅರಳು ಸಂಡಿಗೆಯ ಸುತ್ತ ಪಂಕ್ತಿ ಹಿಡಿದು ಕೂತುಬಿಟ್ಟರು.

ಮುಸುವಗಳು. ಬೂದಿ ಬಣ್ಣದ ಮೈ, ಕಪ್ಪು ಮುಖ, ಮೈಗಿಂತ ಉದ್ದದ ಬಾಲ.

ನಾನು ಬಟ್ಟೆ ಹರವುವ ಕೋಲು ಹಿಡಿದು ಮೇಲಕ್ಕೆ ಓಡಿದೆ. ಅಲ್ಲಿ ನನಗಿಂತ ಮೊದಲೇ ನಮ್ಮ ಯಜಮಾನರು ನಿಂತಿದ್ದರು. ಓಡಿಸುತ್ತಿದ್ದರೇ? ಇಲ್ಲ. ಕೈ ಕಟ್ಟಿಕೊಂಡು, ಬೀಗರ ಊಟ ಸರಿಯಾಗಿ ಆಗುತ್ತಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ನೋಡುತ್ತಿದ್ದರು.

"ಒಂದ್ನಿಮಿಷ ತಡಿ, ಕೋಲು ಕೆಳಗಿಡು. ಅದರ ಕೆನ್ನೆ ನೋಡು" ಎಂದರು.

"ನೀವು ನನ್ನ ಸಂಡಿಗೆ ನೋಡ್ರೀ" ಎಂದೆ.

"ಕೆನ್ನೆ ಉಬ್ಬಿಲ್ಲ, ಗಮನಿಸಿದ್ಯಾ? ಕೋತಿ ಆಗಿದ್ರೆ ಕೆನ್ನೆ ಚೀಲದಲ್ಲಿ ತುಂಬ್ಕೊಂಡು ಯಾವಾಗ್ಲೋ ಓಡಿಹೋಗಿರೋದು. ಮುಸುವಕ್ಕೆ ಆ ಚೀಲ ಇಲ್ಲ. ಕೂತೇ ತಿನ್ಬೇಕು. ಅದರ ಹೊಟ್ಟೇಲಿ ಮಾತ್ರ ಹಸೂಗೆ ಇದ್ದ ಹಾಗೆ ಕೋಣೆ ಕೋಣೆ ಇದೆ, ಎಲೆ ಅರಗಿಸೋಕೆ."

ಓದುಗರೇ, ನನ್ನ ಮದುವೆಯ ಕಥೆ ಇಷ್ಟೇ. ಇವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಪ್ರಾಣಿಗಳ ಗುರುತು ಹಚ್ಚುವ ಕೆಲಸದಲ್ಲಿದ್ದಾರೆ. ದೇಶದ ಯಾವುದೋ ಮೂಲೆಯಿಂದ ಒಂದು ತಲೆಬುರುಡೆಯೋ ಚರ್ಮದ ತುಂಡೋ ಬರುತ್ತದೆ. ಇವರು ಅದರ ಹಲ್ಲು ನೋಡಿ, ಮೂಗಿನ ಮೂಳೆ ನೋಡಿ, ಇಂಥ ಗಣ, ಇಂಥ ಕುಟುಂಬ, ಇಂಥ ಜಾತಿ ಎಂದು ಬರೆದು ಕಳಿಸುತ್ತಾರೆ. ಅದರಲ್ಲೂ ಇವರದು ಪ್ರೈಮೇಟ್‌ಗಳ ಕುರ್ಚಿ. ಅಂದರೆ ಕೋತಿ, ಮುಸುವ, ಕಾಡುಪಾಪ, ಸಿಂಗಳೀಕ, ಗಿಬ್ಬನ್, ಚಿಂಪಾಂಜಿ ಮತ್ತು ನಾವು ನೀವು. (ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಯಾವುದು ಎಂದು ಗುರುತು ಹಚ್ಚಲು ಇವತ್ತಿಗೂ ಇವರಿಂದ ಆಗಿಲ್ಲ.)

ಮೈಸೂರಿನಿಂದ ಇವರ ಜೊತೆ ಕೋಲ್ಕತ್ತಾಕ್ಕೆ ಬಂದ ನಾನು, ಈಗ ದಕ್ಷಿಣೇಶ್ವರದ ಹತ್ತಿರದ ನಾಲ್ಕು ಮಹಡಿಯ ಕಟ್ಟಡದಲ್ಲಿ ಹಳಬಳಾಗಿದ್ದೇನೆ. ಕಾಳಿ ಗುಡಿಯ ಕಡೆಯ ಮುಸುವಗಳು ಆಗಾಗ ನಮ್ಮ ಬೀದಿಗೂ ವಾಕಿಂಗ್ ಬರುತ್ತವೆ. ಬಂಗಾಳಿಗಳು ಮುಸುವಕ್ಕೆ ಹೊನುಮಾನ್ ಎನ್ನುತ್ತಾರೆ. ಕೆಂಪು ಮುಖದ ಕೋತಿ ಅವರಿಗೆ ಬಾಂದೋರ್. ಎರಡನ್ನೂ ಅಪ್ಪಿತಪ್ಪಿಯೂ ಬೆರೆಸುವುದಿಲ್ಲ. ನಾವೂ ಹಾಗೇ ತಾನೇ? ಕೋತಿ ಬೇರೆ, ಮುಸುವ ಬೇರೆ. ಯಾವ ಕಾಲೇಜಿಗೂ ಹೋಗದ ಜನ ಎರಡು ಭಾಷೆಗಳಲ್ಲಿ ಅದೇ ಗೆರೆಯನ್ನು ಅದೇ ಜಾಗದಲ್ಲಿ ಎಳೆದಿದ್ದಾರೆ ಎಂದು ಇವರಿಗೆ ಬಹಳ ಖುಷಿ. ವಿಜ್ಞಾನವೂ ಆಮೇಲೆ ಬಂದು ಅಲ್ಲೇ ಗೆರೆ ಎಳೆಯಿತಂತೆ.

ಇನ್ನೊಂದು ಗೆರೆ ಇದೆ, ಅದು ಕೇಳಿದಾಗ ನಾನು ನಕ್ಕಿದ್ದೆ. ಇಡೀ ಪ್ರೈಮೇಟ್ ವಂಶವನ್ನು ಮೊದಲು ಎರಡು ಪಾಲು ಮಾಡುತ್ತಾರಂತೆ. ಒದ್ದೆ ಮೂಗಿನವರು, ಒಣ ಮೂಗಿನವರು. ನಮ್ಮ ಕಡೆ ಬಿದಿರು ಮೆಳೆಯಲ್ಲಿ ರಾತ್ರಿ ದೊಡ್ಡ ಕಣ್ಣು ಬಿಟ್ಟುಕೊಂಡು ಕೂರುವ ಕಾಡುಪಾಪ ಒದ್ದೆ ಮೂಗಿನದು, ನಾಯಿಯ ಮೂಗಿನಂತೆ. ಕೋತಿ, ಮುಸುವ, ಗಿಬ್ಬನ್, ಮನುಷ್ಯ ಎಲ್ಲ ಒಣ ಮೂಗು. (ಕೋಲ್ಕತ್ತಾದ ಡಿಸೆಂಬರಿನಲ್ಲಿ ನಾನು ಯಾವ ಪಾಲು ಎಂದು ಕೇಳಿದೆ.)

ಆದರೆ ಒಂದು ಸಲ ನಗು ನಿಂತುಹೋಯಿತು. ಯಾವುದೋ ಸಹಿಗೆಂದು ಇವರ ಕಚೇರಿಗೆ ಹೋಗಿದ್ದೆ. ಕಾಯುವಾಗ ಬೇಜಾರಾಗದಿರಲಿ ಎಂದು ಒಂದು ಡ್ರಾಯರ್ ಎಳೆದು ತೋರಿಸಿದರು. ಹತ್ತಿಯ ಮೇಲೆ ಸಾಲಾಗಿ ಕೈಗಳ ಮೂಳೆ. ಕಾಡುಪಾಪದ್ದು ನನ್ನ ಕಿವಿಯೋಲೆಯಷ್ಟು. ಆಮೇಲೆ ಕೋತಿಯದು. ಆಮೇಲೆ ಗಿಬ್ಬನ್‌ನದು, ಬೆರಳು ಸೌಟಿನ ಹಿಡಿಯಷ್ಟು ಉದ್ದ. ಕೊನೆಯಲ್ಲಿ ಮನುಷ್ಯನದು. ಮೂಳೆಯ ಪಕ್ಕ ಮೂಳೆ, ಗೆಣ್ಣಿನ ಮುಂದೆ ಗೆಣ್ಣು, ಎಲ್ಲದರಲ್ಲೂ ಅದೇ ಕ್ರಮ. ಒಂದೇ ಪಲ್ಲವಿಯನ್ನು ಚಿಕ್ಕ ಗಂಟಲಿನಲ್ಲೂ ದೊಡ್ಡ ಗಂಟಲಿನಲ್ಲೂ ಹಾಡಿದ ಹಾಗೆ. ನಾನು ಅರಿವಿಲ್ಲದೆ ನನ್ನ ಕೈಯನ್ನು ಆ ಸಾಲಿನ ಪಕ್ಕಕ್ಕೆ ಇಟ್ಟುಬಿಟ್ಟಿದ್ದೆ. ಎಷ್ಟು ಕೋಟಿ ವರ್ಷಗಳ ಕೆಲಸ ಇದು, ಈ ಕೈಯಲ್ಲೇ ತಾನೇ ನಾನು ಬೆಳಗ್ಗೆ ಪಾತ್ರೆ ತಿಕ್ಕಿದ್ದು ಎಂದು ಮೈ ಜುಮ್ಮೆಂದಿತು. ಇವತ್ತಿಗೂ ನೆನೆಸಿಕೊಂಡರೆ ಹಾಗಾಗುತ್ತದೆ.

ಸರಿ, ಕಥೆ ಸಂಡಿಗೆಯದಲ್ಲ. ಮೇಘನಾಳದು.

ಮೇಘನಾ ನಮ್ಮ ಕೆಳಗಿನ ಮನೆಯ ಹುಡುಗಿ. ಹುಬ್ಬಳ್ಳಿಯವಳು. ಗಂಡ ವಿನಯ್. ಇಬ್ಬರೂ ಕೆಲಸದ ಮೇಲೆ ಇಲ್ಲಿಗೆ ಬಂದವರು. ಆಫೀಸ್ ಒಂದು ಮೂಲೆ, ನಮ್ಮ ಬೀದಿ ಇನ್ನೊಂದು ಮೂಲೆ, ಆದರೂ ಕಿಟಕಿಯಿಂದ ಗಂಗೆ ಕಾಣುತ್ತದೆ ಎಂದು ಇಲ್ಲೇ ಮನೆ ಹಿಡಿದರು. ಕಳೆದ ಚಳಿಗಾಲದಲ್ಲಿ ಹೆಣ್ಣು ಮಗು ಹುಟ್ಟಿತು. ತಿಂಗಳು ತುಂಬುವ ಮೊದಲೇ ಹುಟ್ಟಿತು. ಆಸ್ಪತ್ರೆಯವರು ಕೂಸನ್ನು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿ, ಕೊನೆಗೆ ಚೆನ್ನಾಗಿಯೇ ಮನೆಗೆ ಕಳಿಸಿದರು.

ಮೇಘನಾಳಿಗೆ ತಾಯಿ ಇಲ್ಲ, ಅವಳು ಕಾಲೇಜಿನಲ್ಲಿದ್ದಾಗಲೇ ಹೋದರು. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ ಹುಬ್ಬಳ್ಳಿಯ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟ. ಹೀಗಾಗಿ ಬಾಣಂತನ ಎಂದರೆ ನಾನು ಕಳಿಸುವ ಮೆಂತ್ಯದ ಹಿಟ್ಟು, ಮೇಲಿನ ಮನೆಯ ಮಾಶಿಮಾ ಕಳಿಸುವ ಕಾಳೋಜೀರೆ, ಅಂದರೆ ಕರಿಜೀರಿಗೆಯ ಚಟ್ನಿ. (ಮಾಶಿಮಾ ಎಂದರೆ ಬಂಗಾಳಿಯಲ್ಲಿ ಅಮ್ಮನ ಅಕ್ಕನೋ ತಂಗಿಯೋ, ಇವರು ಮಾತ್ರ ಎಲ್ಲರ ಹಿರಿಯಮ್ಮ. ನಮ್ಮ ಕಟ್ಟಡದಲ್ಲಿ ಅವರಿಗೆ ಬೇರೆ ಹೆಸರು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.)

ಕೂಸು ನೋಡಲು ನಾವಿಬ್ಬರೂ ಹೋದೆವು. ಇವರು ಸೋಪಿನಲ್ಲಿ ಕೈ ತೊಳೆದು ಬಂದು, ಅವಳ ಮಡಿಲಲ್ಲಿದ್ದ ಕೂಸಿನ ಅಂಗೈಗೆ ತಮ್ಮ ತೋರುಬೆರಳು ತಾಗಿಸಿದರು. ಆ ಪುಟ್ಟ ಮುಷ್ಟಿ ಟಕ್ಕನೆ ಮುಚ್ಚಿಕೊಂಡಿತು. ಎಷ್ಟು ಬಿಗಿ ಎಂದರೆ ಇವರು ಬೆರಳು ಎಳೆದರೂ ಬಿಡಲಿಲ್ಲ. ಅಂಗಾಲಿಗೆ ತಾಗಿಸಿದರು. ಕಾಲಿನ ಬೆರಳುಗಳೂ ಒಳಕ್ಕೆ ಮಡಚಿಕೊಂಡವು.

ಇವರ ಮುಖ ನೋಡಬೇಕಿತ್ತು. ದೇವರ ಮುಂದೆ ಕೂಡ ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

"ಇದು ಅಮ್ಮನ ತುಪ್ಪಳ ಹಿಡ್ಕೊಳ್ಳೋ ಹಿಡಿತ ಕಣಮ್ಮ" ಎಂದರು. "ಕೋತಿ ಮರಿ ಹುಟ್ಟಿದ ಗಳಿಗೆಯಿಂದ ಅಮ್ಮನ ಹೊಟ್ಟೆ ಕೂದಲು ಹಿಡಿದು ನೇತಾಡುತ್ತೆ. ಹಿಡೀದಿದ್ರೆ ಬದುಕಲ್ಲ. ನಮ್ಮ ಮೈಮೇಲೆ ತುಪ್ಪಳ ಹೋಗಿ ಯಾವ ಕಾಲ ಆಯ್ತೋ. ಈ ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಹುಡುಕ್ತಾನೇ ಇದೆ ನೋಡು."

ನನಗೆ ಕಣ್ಣು ತುಂಬಿ ಬಂತು. ಆದರೆ ಬಾಣಂತಿಯ ಮನೆಯಲ್ಲಿ ಹೇಳುವ ಮಾತೇ ಇದು? ಒಂದು ತಿಂಗಳು ಗಾಜಿನ ಆಚೆ ನಿಂತು ಮಗುವನ್ನು ನೋಡಿದ ತಾಯಿಯ ಮುಂದೆ?

ಮೇಘನಾ ಕೂಸಿನ ಕೈ ಬಿಡಿಸಿ ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೂಸಿಗೆ ಮಂಗ್ಯಾ ಅನಬ್ಯಾಡ್ರಿ ಅಂಕಲ್" ಎಂದಳು, ಮೆಲ್ಲಗೆ, ಆದರೆ ಗಟ್ಟಿಯಾಗಿ.

ನಾನು "ಕೊಡಮ್ಮ ಒಂದ್ಸಲ ಎತ್ಕೋತೀನಿ" ಎಂದು ಕೈ ಚಾಚಿದೆ. ಅವಳು ಕೊಡಲಿಲ್ಲ. ಸಿಟ್ಟಿಗೆ ಅಂದುಕೊಂಡೆ. ಸಿಟ್ಟಿಗೆ ಅಲ್ಲ ಎಂದು ಆಮೇಲೆ ತಿಳಿಯಿತು.

ಅವಳು ಯಾರಿಗೂ ಕೊಡುತ್ತಿರಲಿಲ್ಲ. ಆಯಾ ಇಟ್ಟರು, ಎರಡನೇ ದಿನಕ್ಕೆ ಬಿಡಿಸಿದಳು. ಸಾಸಿವೆ ಎಣ್ಣೆ ಹಿಡಿದು ಮಾಲೀಶಿಗೆ ಬಂದವಳನ್ನು ಬಾಗಿಲಿನಿಂದಲೇ ಕಳಿಸಿದಳು. ಗಂಡನಿಗೂ ಅಷ್ಟೇ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ತುತ್ತು. ಸ್ನಾನಕ್ಕೆ ಹೋದರೆ ಕೂಸು ಬಚ್ಚಲಿನ ಬಾಗಿಲಲ್ಲೇ ಬುಟ್ಟಿಯಲ್ಲಿ. ರಾತ್ರಿ ಗೋಡೆಗೆ ಒರಗಿ, ಎದೆಯ ಮೇಲೆ ಮಲಗಿಸಿಕೊಂಡು, ಅದರ ಉಸಿರು ಎಣಿಸುತ್ತ ಕೂರುತ್ತಿದ್ದಳಂತೆ. ವಿನಯ್ ಒಂದು ದಿನ ಲಿಫ್ಟ್‌ನಲ್ಲಿ ಸಿಕ್ಕವನು ನನ್ನೆದುರು ಅತ್ತೇಬಿಟ್ಟ. "ಅಕಿ ಮಲಗೇ ಇಲ್ರಿ ಆಂಟಿ. ನನ್ನ ಕೈಯಾಗೂ ಕೊಡಂಗಿಲ್ಲ. ಏನ್ ಮಾಡ್ಲಿ?"

ಅವಳ ಬಲಗೈ ಹೆಬ್ಬೆರಳ ಬುಡ ಊದಿಕೊಂಡಿತ್ತು. ಡಾಕ್ಟರು ನೋಡಿ, ಹೊಸ ತಾಯಂದಿರಿಗೆ ಬರುತ್ತದೆ, ಸದಾ ಕೂಸು ಎತ್ತಿ ಎತ್ತಿ ಸ್ನಾಯು ಊದಿದೆ, ಕೈಗೆ ವಿಶ್ರಾಂತಿ ಕೊಡಿ ಎಂದರಂತೆ. ಪಟ್ಟಿ ಕಟ್ಟಿ ಕಳಿಸಿದರು. ಪಟ್ಟಿ ಕಟ್ಟಿದ ಕೈಯಲ್ಲೇ ಎತ್ತಿಕೊಂಡಳು.

ಇದನ್ನು ಕೇಳಿ ಇವರು ತಮ್ಮ ಹೆಬ್ಬೆರಳನ್ನೇ ಮಡಚಿ ಬಿಡಿಸಿ ನೋಡಿದರು. "ಮುಸುವದ ಹೆಬ್ಬೆರಳು ಗಿಡ್ಡ" ಎಂದರು. "ಕೊಂಬೆಯಿಂದ ಕೊಂಬೆಗೆ ಹಾರೋಕೆ ಅದು ಬೇಡ. ಮನುಷ್ಯಂದೇ ಎಲ್ಲಕ್ಕಿಂತ ಒಳ್ಳೇ ಹೆಬ್ಬೆರಳು. ಸೂಜಿ ಹಿಡಿಯುತ್ತೆ, ಪೆನ್ನು ಹಿಡಿಯುತ್ತೆ. ಪಾಪ, ಆ ಹುಡುಗಿ ಹೆಬ್ಬೆರಳ ಮೇಲೆ ಮರಿಗೆ ಸೇರಿದ ಕೆಲಸ ಬಿದ್ದಿದೆ. ಮರಿ ಹಿಡ್ಕೋಬೇಕಾಗಿತ್ತು, ಈಗ ಅಮ್ಮ ಹಿಡ್ಕೋಬೇಕು."

ಇವರ ವಿಜ್ಞಾನಕ್ಕೆ ನಾನು ಯಾವತ್ತೂ ತಲೆದೂಗಿದವಳಲ್ಲ. ಅವತ್ತು ತಲೆದೂಗಿದೆ.

ಅಷ್ಟರಲ್ಲಿ ಹುಬ್ಬಳ್ಳಿಯ ಅತ್ತೆ ಫೋನ್ ಮೇಲೆ ಫೋನ್. ಹನ್ನೆರಡನೇ ದಿನ ಆಗಬೇಕಿದ್ದ ತೊಟ್ಟಿಲ ಶಾಸ್ತ್ರ ಆಸ್ಪತ್ರೆಯಿಂದಾಗಿ ನಿಂತುಹೋಗಿತ್ತು. ಈಗಲಾದರೂ ಮಾಡಿ, ಹೆಸರಿಡಿ ಎಂದು. ನೀವು ನೋಡಿರುತ್ತೀರಿ. ತೊಟ್ಟಿಲ ಒಂದು ಕಡೆ ಒಬ್ಬ ಹೆಂಗಸು, ಇನ್ನೊಂದು ಕಡೆ ಇನ್ನೊಬ್ಬಳು. ಒಬ್ಬಳು ಕೂಸನ್ನು ತೊಟ್ಟಿಲ ಕೆಳಗಿನಿಂದ ದಾಟಿಸಿ ಕೊಡಬೇಕು, ಆಚೆಯವಳು ತೆಗೆದುಕೊಂಡು ಮೇಲಿನಿಂದ ವಾಪಸ್ ಕೊಡಬೇಕು. ಹೀಗೇ ಕೂಸು ಕೈಯಿಂದ ಕೈಗೆ ತೊಟ್ಟಿಲ ಸುತ್ತ ತಿರುಗಬೇಕು. ಎಲ್ಲರ ಕೈ ಸೋಕಿದ ಮೇಲೇ ತೊಟ್ಟಿಲು, ಆಮೇಲೇ ಹೆಸರು.

ಮೇಘನಾ ಒಪ್ಪಿದಳು. ಆದರೆ ಒಂದು ಷರತ್ತು. "ನಾನ ಹಾಕ್ತೇನಿ, ನಾನ ತಗೀತೇನಿ. ನಡುವ ಯಾರೂ ಮುಟ್ಟೂದು ಬ್ಯಾಡ."

ಅದು ಹೇಗೆ ಶಾಸ್ತ್ರವಾಗುತ್ತದೆ? ಅತ್ತೆ ಫೋನಿನಲ್ಲಿ ಅತ್ತರು. ವಿನಯ್ ನನ್ನ ಮುಖ ನೋಡಿದ. ನಾನು ಇವರ ಮುಖ ನೋಡಿದೆ. ಇವರು ಚಾವಣಿ ನೋಡಿದರು.

ಈಗ ಮತ್ತೆ ಟೆರೇಸಿಗೆ ಬನ್ನಿ. ಎಳೆ ಬಿಸಿಲು ಕಾಯಿಸಲು ಮೇಘನಾ ದಿನಾ ಕೂಸನ್ನು ಎದೆಗೆ ಕಟ್ಟಿಕೊಂಡು ಮೇಲೆ ಬರುತ್ತಾಳೆ. ಶಾಸ್ತ್ರಕ್ಕೆ ಎರಡು ದಿನ ಮುಂಚೆ ಬಂದಾಗ, ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ನಮ್ಮ ಸಂಡಿಗೆ ಕಳ್ಳರು ಕೂತಿದ್ದರು. ಇವರು ಟೀ ಹಿಡಿದು ನಿಂತಿದ್ದರು. ನಾನು ಒಗೆದ ಬಟ್ಟೆ ಹಿಂಡುತ್ತಿದ್ದೆ.

ಅಲ್ಲೊಂದು ತಾಯಿ. ಮಡಿಲಲ್ಲಿ ತೀರಾ ಎಳೆಯ ಮರಿ. ಎರಡೂ ಒಂದೇ ಪ್ರಾಣಿ ಎಂದು ಹೇಳಿದರೆ ನೀವು ನಂಬುವುದಿಲ್ಲ. ಅಮ್ಮನದು ತಿಳಿ ಮೈ, ಕಪ್ಪು ಮುಖ. ಮರಿಯದು ಕಪ್ಪು ಮೈ, ಗುಲಾಬಿ ಮುಖ. ಮೂರು ನಾಲ್ಕು ತಿಂಗಳಲ್ಲಿ ಬಣ್ಣ ಬದಲಾಗುತ್ತದಂತೆ. ಅಲ್ಲಿಯವರೆಗೆ ಗುಂಪಿನ ಎಲ್ಲರ ಕಣ್ಣೂ ಅದರ ಮೇಲೇ ಇರಲಿ ಎಂದು ಈ ಬಣ್ಣ ಇರಬಹುದು ಎಂಬುದು ಕೆಲವರ ಅಂದಾಜು.

ಇನ್ನೊಂದು ಹೆಣ್ಣು ಬಂದು ಪಕ್ಕದಲ್ಲಿ ಕೂತಿತು. ಮರಿಯ ಬೆನ್ನಿನ ಕೂದಲು ಬಿಡಿಸಿ ನೋಡಿತು. ಆಮೇಲೆ ಎರಡೂ ಕೈಯಲ್ಲಿ ಮೆತ್ತಗೆ ಮರಿಯನ್ನು ಎಳೆದುಕೊಂಡಿತು. ತಾಯಿ ಬಿಟ್ಟುಕೊಟ್ಟಿತು.

ಮೇಘನಾ ಬಿಸಿಲಿನಿಂದ ಎದ್ದು ಗೋಡೆಯ ಹತ್ತಿರ ಬಂದಳು.

ಎರಡನೆಯದು ಮರಿಯನ್ನು ಎದೆಗೆ ಒತ್ತಿಕೊಂಡಿತು, ಮೂಸಿತು. ಮೂರನೆಯದು ಬಂತು, ಅದರ ಕೈಗೆ ಹೋಯಿತು. ಅದು ಇನ್ನೂ ಮರಿ ಹೆರದ ಎಳೆ ಹೆಣ್ಣು. ಹಿಡಿಯಲು ಬಾರದು. ಮರಿಯನ್ನು ತಲೆಕೆಳಗಾಗಿ ಎತ್ತಿಕೊಂಡಿತು. ಮರಿ ಕೀಚಲು ದನಿ ತೆಗೆಯಿತು. ನಮ್ಮ ಮೇಘನಾ ಎದೆಗೆ ಕಟ್ಟಿದ್ದ ಕೂಸನ್ನು ಒತ್ತಿ ಹಿಡಿದಳು. ತಾಯಿ ಕೂತಲ್ಲೇ ತಲೆ ಎತ್ತಿ ನೋಡಿತು. ಅಷ್ಟರಲ್ಲಿ ಒಂದು ಮುದಿ ಹೆಣ್ಣು ಬಂದು ಮರಿಯನ್ನು ಕಸಿದು ಸರಿಯಾಗಿ ಅಪ್ಪಿಕೊಂಡಿತು. ತಾಯಿ ಮತ್ತೆ ತಲೆ ಇಳಿಸಿ, ಟ್ಯಾಂಕಿನ ಬೆಚ್ಚನೆ ಮುಚ್ಚಳದ ಮೇಲೆ ಕಾಲು ಚಾಚಿ, ನಿದ್ದೆ ಹೋಯಿತು.

ನಿದ್ದೆ ಹೋಯಿತು, ಓದುಗರೇ. ಹೆತ್ತು ನಾಲ್ಕು ದಿನವೂ ಆಗಿರದ ತಾಯಿ, ನಾಲ್ಕು ಮಹಡಿ ಎತ್ತರದಲ್ಲಿ. ನನಗೆ ಬಟ್ಟೆ ಹಿಂಡುವುದು ಮರೆತುಹೋಯಿತು. ಇಷ್ಟು ವರ್ಷ ಇವನ್ನು ನಾನು ಬರೀ ಕಳ್ಳರು ಎಂದುಕೊಂಡಿದ್ದೆನಲ್ಲ.

"ಎಲ್ಲಾ ಮಂಗ್ಯಾನೂ ಹಿಂಗ ಕೊಡ್ತಾವೇನ್ರಿ ಅಂಕಲ್?" ಮೇಘನಾ ಕೇಳಿದಳು. ಆವತ್ತಿನ ಮಾತಿನ ನಂತರ ಅವಳು ಇವರ ಜೊತೆ ಮಾತಾಡಿದ್ದು ಇದೇ ಮೊದಲು.

"ಇಲ್ಲಮ್ಮ. ಕೆಂಪು ಮುಖದ ಕೋತಿ ಅಷ್ಟು ಸುಲಭಕ್ಕೆ ಕೊಡಲ್ಲ. ಚಿಂಪಾಂಜಿ, ಒರಾಂಗುಟಾನ್ ಕೊಡೋದೇ ಇಲ್ಲ. ಎಷ್ಟೋ ತಿಂಗಳು ಮರಿ ಅಮ್ಮನ ಮೈ ಬಿಟ್ಟು ಇಳಿಯಲ್ಲ, ಬೇರೆಯವರು ಮುಟ್ಟೋ ಹಾಗಿಲ್ಲ."

"ನಮಗ ಹತ್ತಿರದವರು ಯಾರು? ಇವೋ, ಚಿಂಪಾಂಜಿನೋ?"

"ಚಿಂಪಾಂಜಿ. ಮುಸುವ ನಮಗೆ ತುಂಬ ದೂರದ ನೆಂಟರು. ನಮ್ಮ ದಾರಿ ಅವರ ದಾರಿ ಬೇರೆಯಾಗಿ ಎರಡು ಮೂರು ಕೋಟಿ ವರ್ಷ ಆಗಿರಬೇಕು."

"ಮತ್ತ ನಾ ಮಾಡೂದು ಸರಿ ಐತಲ್ರಿ" ಎಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಕಣ್ಣ ಕೆಳಗೆ ಕಾಡಿಗೆ ಚೆಲ್ಲಿದ ಹಾಗೆ ಕಪ್ಪು.

ಇವರು ಟೀ ಲೋಟ ಗೋಡೆಯ ಮೇಲಿಟ್ಟರು. ಮುಸುವಗಳ ಗುಂಪಿಗೆ ಹೊಸ ಗಂಡು ಬಂದರೆ ಅದು ಮರಿಗಳನ್ನು ಕೊಂದೇಬಿಡುತ್ತದೆ ಎಂಬ ಭಯಂಕರ ಅಧ್ಯಾಯ ಒಂದಿದೆ. ನಾನು ಎಷ್ಟೋ ಊಟದ ನಡುವೆ ಅದನ್ನು ಕೇಳಿದ್ದೇನೆ. ಎಲ್ಲಿ ಶುರು ಮಾಡುತ್ತಾರೋ ಎಂದು ಹತ್ತಿರ ಹೋಗಿ ನಿಂತೆ. ಪುಣ್ಯಕ್ಕೆ ಮಾಡಲಿಲ್ಲ.

"ಚಿಂಪಾಂಜಿ ಒಂಟಿಯಾಗೇ ಹೆರುತ್ತೆ ಕಣಮ್ಮ" ಎಂದರು. "ಅದಕ್ಕೆ ಸಾಧ್ಯ, ದಾರಿ ಅಗಲ, ಮರಿ ತಲೆ ಚಿಕ್ಕದು. ನಾವು ಎರಡು ಕಾಲ ಮೇಲೆ ನಿಂತ್ವಿ, ಸೊಂಟದ ಮೂಳೆ ಬದಲಾಯ್ತು. ಮೆದುಳು ಬೆಳೀತು, ಮಗು ತಲೆ ದೊಡ್ಡದಾಯ್ತು. ಬರೋ ದಾರೀಲಿ ಕೂಸು ಹೊರಳಿ ಹೊರಳಿ ಬರಬೇಕು. ಹೆಚ್ಚಾಗಿ ಅಮ್ಮನಿಗೆ ಬೆನ್ನು ಮಾಡಿಕೊಂಡೇ ಹೊರಗೆ ಬರುತ್ತೆ. ಅಮ್ಮನೇ ಬಗ್ಗಿ ಎಳ್ಕೊಳ್ಳೋಕೆ ಕಷ್ಟ. ಅದಕ್ಕೇ ಮನುಷ್ಯರು ಇರೋ ಕಡೆಯೆಲ್ಲ ಹೆರಿಗೆಗೆ ಇನ್ನೊಬ್ಬಳು ಇರ್ತಾಳೆ. ಹುಟ್ಟಿದ ಮೇಲೂ ಅಷ್ಟೇ. ವರ್ಷ ಆಗೋವರೆಗೂ ನಡೆಯಲ್ಲ, ಹಿಡ್ಕೊಂಡು ನೇತಾಡೋಕೆ ಅಮ್ಮನ ಮೈಮೇಲೆ ಕೂದಲಿಲ್ಲ. ಒಬ್ಬಳ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು. ನಮ್ಮ ವಂಶ ಉಳಿದಿದ್ದೇ ಅಜ್ಜಿ, ಅತ್ತೆ, ಅಕ್ಕ, ಪಕ್ಕದ ಮನೆಯವಳು ಎಲ್ಲ ಎತ್ಕೊಂಡಿದ್ದಕ್ಕೆ ಅಂತ ಈಗ ಬಹಳ ಜನ ವಿಜ್ಞಾನಿಗಳು ಹೇಳ್ತಾರೆ. ಮುಸುವಗಳು ತಮ್ಮ ದಾರೀಲಿ ಅದನ್ನ ಕಲಿತವು. ನಾವು ನಮ್ಮ ದಾರೀಲಿ ಕಲಿತ್ವಿ."

ಟ್ಯಾಂಕಿನ ಮೇಲೆ ಮರಿ ಈಗ ಐದನೆಯದೋ ಆರನೆಯದೋ ಮಡಿಲಲ್ಲಿತ್ತು. ಮೇಘನಾ ಅದನ್ನೇ ನೋಡುತ್ತಿದ್ದಳು.

"ಅಕಿಗೆ ಹ್ಯಾಂಗ ಗೊತ್ರಿ, ವಾಪಸ್ ಕೊಡ್ತಾರಂತ?" ಎಂದಳು.

"ಗೊತ್ತಿಲ್ಲಮ್ಮ" ಎಂದರು ಇವರು. ನಮ್ಮ ದಾಂಪತ್ಯದಲ್ಲಿ ಈ ಶಬ್ದವನ್ನು ನಾನು ಕೇಳಿದ್ದು ಬಹಳ ಕಡಿಮೆ.

"ಹುಟ್ಟಿದ ಕೂಡ್ಲೆ ನರ್ಸ್ ಬಂದು, ಒಂದ ನಿಮಿಷ ಕೊಡ್ರಿ ಅಂದ್ರು" ಎಂದಳು ಮೇಘನಾ. "ಕೊಟ್ಟೆ. ಅವರೂ ಛಲೋನ ಮಾಡಿದ್ರು, ಉಳಿಸಿ ಕೊಟ್ರು, ಅದು ನಂಗೂ ಗೊತ್ತೈತ್ರಿ. ಆದ್ರ ಆ ಒಂದ ನಿಮಿಷ ಮುಗೀಲೇ ಇಲ್ರಿ ಆಂಟಿ. ದಿನಾ ಗಾಜಿನ ಹೊರಗ ನಿಂತು, ಇವತ್ತರ ಕೊಡ್ತೀರೇನು ಅಂತ ಕೇಳ್ತಿದ್ದೆ. ಈಗ ಯಾರರ ಕೈ ಚಾಚಿದ್ರ ನಂಗ ಆ ಗಾಜ ಕಾಣ್ತದ."

ನಾನು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳ ಬೆನ್ನು ಸವರಿದೆ. ಕೂಸಿನ ಬೆನ್ನಲ್ಲ, ಅವಳದು. ಅವಳು ಸುಮ್ಮನೆ ನಿಂತು ಸವರಿಸಿಕೊಂಡಳು. ಆಚೆ ಟ್ಯಾಂಕಿನ ಮೇಲೆ ಮುದಿ ಹೆಣ್ಣು ಮರಿಯನ್ನು ತಂದು ಮಲಗಿದ್ದ ತಾಯಿಯ ಹೊಟ್ಟೆಗೆ ಒತ್ತಿತು. ತಾಯಿ ಕಣ್ಣು ಬಿಡದೆಯೇ ಒಂದು ಕೈಯಲ್ಲಿ ಎಳೆದುಕೊಂಡಿತು. ಮರಿ ಮೊಲೆಗೆ ಬಾಯಿ ಹಾಕಿತು.

ನಾವು ಮೂವರೂ ಅದನ್ನು ನೋಡಿದೆವು.

ಶಾಸ್ತ್ರದ ದಿನ ಬಂತು. ಆನ್‌ಲೈನ್‌ನಲ್ಲಿ ತರಿಸಿದ, ಚಕ್ರ ಇರುವ ತೊಟ್ಟಿಲು. ಅಕ್ಕಿ ಡಬ್ಬಕ್ಕೆ ಒರಗಿಸಿದ ಮೊಬೈಲಿನಲ್ಲಿ ಅತ್ತೆ. ಕಟ್ಟಡದ ಬೇರೆ ಮನೆಗಳ ಹೆಂಗಸರೂ ಬಂದಿದ್ದರು. ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ, ಕೂಸಿನ ಹಾಗೆ ಸಿಂಗರಿಸಿ ತೊಟ್ಟಿಲು ಸುತ್ತಿಸಬೇಕಲ್ಲ. ಕೋಲ್ಕತ್ತಾದ ಫ್ಲಾಟಿನಲ್ಲಿ ಗುಂಡುಕಲ್ಲು ಎಲ್ಲಿಂದ ಬರಬೇಕು? ಇವರು ಆಫೀಸಿನಿಂದ ಯಾವುದಾದರೂ ಅಚ್ಚು ತರಲೇ ಎಂದರು. (ತಲೆಬುರುಡೆಯ ಅಚ್ಚು. ನಾನು ನೋಡಿದ ನೋಟಕ್ಕೆ ಮತ್ತೆ ಮಾತಾಡಲಿಲ್ಲ.) ಕೊನೆಗೆ ಮಾಶಿಮಾ ತಮ್ಮ ಮಸಾಲೆ ಅರೆಯುವ ನೋಡಾ ತಂದರು. ಉರುಟಾದ ಉದ್ದ ಕಲ್ಲು. ಎಷ್ಟು ತೊಳೆದರೂ ಅರಿಸಿನದ ಬಣ್ಣ, ಸಾಸಿವೆಯ ಘಾಟು. ಅದಕ್ಕೆ ಕುಲಾವಿ ಹಾಕಿದೆವು. ಬಂಗಾಳಿ ಹೆಂಗಸರಿಗೆ ನಕ್ಕು ನಕ್ಕು ಸಾಕಾಯಿತು.

ನೋಡಾ ತೊಟ್ಟಿಲ ಕೆಳಗೆ ಹೋಯಿತು, ಮೇಲೆ ಬಂತು. "ಗೋವಿಂದನ್ನ ತಗೋರಿ, ಗೋಪಾಲನ್ನ ಕೊಡ್ರಿ" ಎಂದು ಮೊಬೈಲಿನಿಂದ ಅತ್ತೆ. ಮೇಘನಾ ಅದನ್ನು ಸಲೀಸಾಗಿ ದಾಟಿಸಿದಳು. ಅವಳೂ ನಕ್ಕಳು. ತಿಂಗಳುಗಳ ಮೇಲೆ ನಾನು ಆ ನಗು ಕಂಡೆ.

ಆಮೇಲೆ ಕಲ್ಲು ಪಕ್ಕಕ್ಕಿಟ್ಟೆವು. ಕೂಸು ಅವಳ ಎದೆಯ ಮೇಲೆ, ಪಟ್ಟಿ ಕಟ್ಟಿದ ಕೈ ಅದರ ತಲೆಯ ಕೆಳಗೆ. ವಿನಯ್ ನನ್ನ ಕಡೆ ನೋಡಿ, ಬೇಡ ಬಿಡಿ ಎಂಬಂತೆ ತಲೆಯಾಡಿಸಿದ. ಇಷ್ಟಕ್ಕೇ ಮುಗಿಸೋಣ ಎಂದು ನಾನೂ ಬಾಯಿ ತೆರೆದೆ.

ತೊಟ್ಟಿಲ ಆಚೆ ಮಾಶಿಮಾ ನೆಲಕ್ಕೆ ಕೂತು, ಮಂಡಿ ಊರಿ, ಎರಡೂ ಕೈ ಚಾಚಿದರು. ಮುದುಕಿಯ ಕೈ, ಬೆರಳ ಗೆಣ್ಣು ಸೊಟ್ಟ, ಶಂಖದ ಬಳೆ ಸಡಿಲ. "ದಾವೊ ಮಾ, ಆಮಾರ್ ಕೋಲೆ ದಾವೊ" ಎಂದರು. ಕೊಡಮ್ಮ, ನನ್ನ ಮಡಿಲಿಗೆ ಕೊಡು. ಒತ್ತಾಯ ಇರಲಿಲ್ಲ. ಕೈ ಚಾಚಿ ಕಾಯುತ್ತ ಕೂತರು.

ಮೇಘನಾ ಆ ಕೈಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿದಳು. ಕೂಸಿನ ತಲೆ, ಕತ್ತು, ಬೆನ್ನು, ಒಂದೊಂದಾಗಿ ಆ ಸೊಟ್ಟ ಬೆರಳುಗಳ ಮೇಲೆ ಇಟ್ಟಳು. ತನ್ನ ಕೈ ಮಾತ್ರ ಕೂಸಿನ ಕೆಳಗೇ ಉಳಿಯಿತು. ಒಂದು ಗಳಿಗೆ ಇಬ್ಬರ ಕೈಯೂ ಅಲ್ಲೇ ಇತ್ತು. ಆಮೇಲೆ ಅವಳು ಕೈ ತೆಗೆದಳು.

ಮಾಶಿಮಾ ಕೂಸನ್ನು ಕೆಳಗಿನಿಂದ ಎಳೆದುಕೊಂಡು, ಮೂಸಿ, ಹಣೆಗೆ ಮುತ್ತಿಟ್ಟು, ಎದ್ದು ನಿಂತು ತೊಟ್ಟಿಲ ಮೇಲಿನಿಂದ ವಾಪಸ್ ಮೇಘನಾಳ ಕೈಗೆ ಕೊಟ್ಟರು. ಕೊಟ್ಟೇಬಿಟ್ಟರು. ಅಷ್ಟೇ. ಮೇಘನಾ ಕೂಸನ್ನು ಹಿಡಿದು ಜೋರಾಗಿ ಅತ್ತಳು. ಬಂಗಾಳಿ ಹೆಂಗಸರು ನಾಲಗೆ ಆಡಿಸಿ ಮಂಗಳದ ಉಲು ದನಿ ತೆಗೆದರು. ಮೊಬೈಲಿನಲ್ಲಿ ಅತ್ತೆ, 'ಏನಾತು, ಏನಾತು' ಎಂದು ಗಾಬರಿಯಾದರು.

ಎರಡನೇ ಸಲ ಅವಳು ತಾನಾಗಿಯೇ ಕೊಟ್ಟಳು. ಮೂರನೇ ಸಲ ನನ್ನ ಕೈಗೆ ಬಂತು. ಆಮೇಲೆ ಮೂರನೇ ಮಹಡಿಯವಳಿಗೆ, ಆಮೇಲೆ ವಿನಯ್‌ಗೆ. (ಗಂಡಸರಿಗೆ ಇಲ್ಲಿ ಜಾಗ ಇಲ್ಲ ಎಂದು ಅತ್ತೆ ಕೂಗಿದರು, ಯಾರೂ ಕೇಳಿಸಿಕೊಳ್ಳಲಿಲ್ಲ.) ಕೂಸಿಗೆ ಇಂಚರ ಎಂದು ಹೆಸರಾಯಿತು. ಮಾಶಿಮಾ ಆಗಲೇ ಅದನ್ನು ಇಂಚೊರಾ ಮಾಡಿಯಾಗಿದೆ.

ಎಲ್ಲರೂ ಊಟಕ್ಕೆ ಕೂತಾಗ ಬಾಣಂತಿ ಕಾಣಲಿಲ್ಲ. ಒಳಗೆ ಹೋಗಿ ನೋಡಿದೆ. ರೇಷ್ಮೆ ಸೀರೆಯಲ್ಲೇ, ಮುಡಿದ ಮಲ್ಲಿಗೆಯಲ್ಲೇ, ಹಾಸಿಗೆಯ ಅಂಚಿನಲ್ಲಿ ಮೇಘನಾ ಬಾಯಿ ತೆರೆದು ಮಲಗಿದ್ದಳು. ಪಟ್ಟಿ ಕಟ್ಟಿದ ಕೈ ಅಂಗಾತ ಬಿದ್ದಿತ್ತು, ಖಾಲಿಯಾಗಿ. ಹೊರಗೆ ಕೂಸು ಮಡಿಲಿಂದ ಮಡಿಲಿಗೆ ಹೋಗುತ್ತಿರುವ ಗಲಾಟೆ ಕೇಳಿಸುತ್ತಿತ್ತು. ನಾನು ಫ್ಯಾನು ಹಾಕಿ ಬಾಗಿಲು ಮುಚ್ಚಿದೆ.

ಹೊರಗೆ ಬಂದರೆ ಇವರು ಮೂಲೆಯಲ್ಲಿ ಕೂತು ಕೂಸನ್ನು ಎತ್ತಿಕೊಂಡಿದ್ದರು. ಅದು ಇವರ ಕನ್ನಡಕ ಕಿತ್ತುಕೊಳ್ಳಲು ನೋಡುತ್ತಿತ್ತು. ಇವರು ಅದರ ಮುಖವನ್ನೇ ನೋಡುತ್ತಿದ್ದರು.

ನಾನು ಪಕ್ಕದಲ್ಲಿ ಕೂತೆ. ನನಗೆ ಬೇರೆಯೇ ಒಂದು ಯೋಚನೆ ಹತ್ತಿತ್ತು. ನಾನು ಹುಟ್ಟಿದಾಗ ನನ್ನನ್ನು ಯಾರೋ ಹಿಡಿದಿರಬೇಕಲ್ಲ, ಅಮ್ಮನಿಗಿಂತ ಮೊದಲು. ಯಾವ ಸೂಲಗಿತ್ತಿಯೋ, ಯಾವ ನರ್ಸೋ, ಯಾವ ಅತ್ತೆಯೋ. ಕೇಳೋಣ ಎಂದರೆ ಅಮ್ಮ ಈಗ ಇಲ್ಲ. ನಿಮ್ಮ ಮನೆಯಲ್ಲಿ ಕೇಳಲು ಯಾರಾದರೂ ಇನ್ನೂ ಇದ್ದಾರೆಯೇ?

ನಿಮ್ಮನ್ನು ಮೊಟ್ಟಮೊದಲು ಎತ್ತಿಕೊಂಡು, ಅಮ್ಮನಿಗೆ ವಾಪಸ್ ಕೊಟ್ಟ ಆ ಕೈ ಯಾರದು?